ಅಂತಃಪುರದ ಬಾಗಿಲು: ೧೮೭೬ರ ನಾಟಕ ಪ್ರದರ್ಶನ ಶಾಸನದ ಹುಟ್ಟು

ನಮ್ಮಲ್ಲಿ ಆಧುನಿಕ ನಾಟಕಗಳನ್ನು ಪೌರಾಣಿಕ, ಐತಿಹಾಸಿಕ, ಸಾಮಾಜಿಕ, ರಾಜಕೀಯ ಎಂದು ವಿಂಗಡಿಸಿ ಪಾಠ ಹೇಳುವುದು ವಾಡಿಕೆಯಾಗಿದೆ. ಮದುವೆ, ವೈಧವ್ಯ, ಕನ್ಯಾವಿಕ್ರಯ, ಅತ್ತೆಸೊಸೆಯರ ಕಲಹ ಇವು ಬಂದರೆ ನಾಟಕವು ಸಾಮಾಜಿಕವೆನಿಸುತ್ತದೆ. ಸರ್ಕಾರ, ನ್ಯಾಯಸ್ಥಾನ, ಸೆರೆಮನೆ ಇವು ಬಂದರೆ ರಾಜಕೀಯವೆನಿಸುತ್ತದೆ. ಬೋಧನೆಯ ಸೌಕರ್ಯಕ್ಕೆ ಈ ವಿಭಾಗವು ತಕ್ಕುದೇ ಸರಿ. ಆದರೆ ಹತ್ತೊಂಬತ್ತನೆಯ ಶತಮಾನದ ಭಾರತೀಯ ರಂಗಭೂಮಿಯ ಚರಿತ್ರೆಯನ್ನು ಬಿಡಿಸಿ ನೋಡಹೊರಟಾಗ, ಕಡೆಯ ಎರಡು ಹೆಸರುಗಳ ನಡುವೆ ನಾವು ಎಬ್ಬಿಸಿರುವ ಗೋಡೆಯು ನಿಲ್ಲುವುದಿಲ್ಲ. ಇದಕ್ಕೆ ೧೮೭೬ರ ನಾಟಕ ಪ್ರದರ್ಶನ ಶಾಸನದ ಹುಟ್ಟಿಗಿಂತ ಒಳ್ಳೆಯ ನಿದರ್ಶನವು ದೊರೆಯುವುದು ಕಷ್ಟ.

ಈ ಶಾಸನದ ವಿಷಯವಾಗಿ ಸಾಮಾನ್ಯವಾಗಿ ಹೇಳುವ ಕಥೆಯು ಸಂಕ್ಷಿಪ್ತವಾದುದು: ಬಂಗಾಳದ ನಾಟಕಕಾರರು ಆಂಗ್ಲರ ಆಳ್ವಿಕೆಯನ್ನು ರಂಗದ ಮೇಲೆ ಖಂಡಿಸತೊಡಗಿದರು, ಸರ್ಕಾರವು ಹೆದರಿ ಅವರ ಬಾಯಿ ಕಟ್ಟಿತು. ಇದು ಸುಳ್ಳಲ್ಲ. ಆದರೆ ಆ ವರ್ಷದ ಫೆಬ್ರವರಿ ಮಾರ್ಚಿ ತಿಂಗಳುಗಳಲ್ಲಿ ನಡೆದುದನ್ನು ದಿನವಾರಿ ಇಟ್ಟು ನೋಡಿದರೆ, ಸರ್ಕಾರದ ಕೋಪವನ್ನು ಹೊತ್ತಿಸಿದ ಕಿಡಿಯು ಒಂದು ಗೃಹಸ್ಥನ ಮನೆಯ ಒಳಬಾಗಿಲಲ್ಲಿ ಹುಟ್ಟಿತೆಂಬುದು ಕಂಡುಬರುತ್ತದೆ. ಅದನ್ನು ಹೇಳುವ ಮೊದಲು ಹದಿನಾರು ವರ್ಷ ಹಿಂದಕ್ಕೆ ಹೋಗಬೇಕು.

ದೀನಬಂಧು ಮಿತ್ರನ 'ನೀಲದರ್ಪಣ'ವು ೧೮೬೦ರಲ್ಲಿ ಢಾಕಾದಲ್ಲಿ ಅಚ್ಚಾಯಿತು. ಗ್ರಂಥಕರ್ತನು ಅಂಚೆಯ ಇಲಾಖೆಯಲ್ಲಿ ಸರ್ಕಾರಿ ನೌಕರನಾದುದರಿಂದ ಪುಸ್ತಕದ ಮೇಲೆ ಅವನ ಹೆಸರಿರಲಿಲ್ಲ. ನೀಲಿಯ ಬೆಳೆಗಾಗಿ ರೈತರಿಗೆ ಮುಂಗಡ ಕೊಟ್ಟು, ಆ ಸಾಲವು ತಲೆಮಾರು ಕಳೆದರೂ ತೀರದಂತೆ ಮಾಡಿ, ಬತ್ತದ ಗದ್ದೆಯಲ್ಲಿ ಬಲವಂತವಾಗಿ ನೀಲಿಯನ್ನು ಬಿತ್ತಿಸುತ್ತಿದ್ದ ಬಿಳಿಯ ಪ್ಲಾಂಟರುಗಳ ವಿರುದ್ಧ ಬಂಗಾಳದ ರೈತರು ೧೮೫೯ರಿಂದ ಎದ್ದು ನಿಂತಿದ್ದರು. ೧೮೬೦ರಲ್ಲಿ ಸರ್ಕಾರವು ವಿಚಾರಣಾ ಮಂಡಲಿಯನ್ನು ನೇಮಿಸಬೇಕಾಯಿತು. ಇಷ್ಟು ರಾಜಕೀಯವಾದ ವಸ್ತುವನ್ನು ದೀನಬಂಧುವು ಹೇಗೆ ಹಿಡಿದನೆಂಬುದೇ ಇಲ್ಲಿ ನೋಡತಕ್ಕದ್ದು. ಅವನು ಬರೆದುದು ಒಂದು ಮನೆಯ ಕಥೆ. ಸ್ವರಪುರವೆಂಬ ಹಳ್ಳಿಯಲ್ಲಿ ಗೋಲೋಕಚಂದ್ರ ಬಸುವೆಂಬ ಅನುಕೂಲಸ್ಥ ಗೃಹಸ್ಥ. ಅವನ ಹೆಂಡತಿ ಸಾವಿತ್ರಿ. ನವೀನಮಾಧವ, ಬಿಂದುಮಾಧವರೆಂಬ ಇಬ್ಬರು ಮಕ್ಕಳು. ಸೈರಿಂಧ್ರಿ, ಸರಳತೆ ಎಂಬ ಇಬ್ಬರು ಸೊಸೆಯರು. ನೆರೆಯಲ್ಲಿ ಸಾಧುಚರಣನೆಂಬ ರೈತನ ಕುಟುಂಬ. ಅವನ ಮಗಳು ಕ್ಷೇತ್ರಮಣಿಯು ಗರ್ಭಿಣಿಯಾಗಿ ತೌರಿಗೆ ಬಂದಿದ್ದಾಳೆ. ವುಡ್ ಮತ್ತು ರೋಗ್ ಎಂಬ ಇಬ್ಬರು ಪ್ಲಾಂಟರುಗಳು ಈ ಎರಡು ಮನೆಗಳನ್ನು ಕೆಡವಿ ಹಾಕುವುದೇ ನಾಟಕದ ಕಾರ್ಯ. ಗೋಲೋಕನು ಸುಳ್ಳು ಮೊಕದ್ದಮೆಯಲ್ಲಿ ಸೆರೆಮನೆಗೆ ಬಿದ್ದು ಅಲ್ಲಿಯೇ ನೇಣು ಹಾಕಿಕೊಳ್ಳುತ್ತಾನೆ. ನವೀನಮಾಧವನು ಪ್ಲಾಂಟರಿನ ಪೆಟ್ಟಿನಿಂದ ಸಾಯುತ್ತಾನೆ. ಕ್ಷೇತ್ರಮಣಿಯು ರೋಗನ ಬಲಾತ್ಕಾರಕ್ಕೆ ಸಿಕ್ಕಿ, ತೋರಾಪನೆಂಬ ಮುಸಲ್ಮಾನ ರೈತನೂ ನವೀನಮಾಧವನೂ ಬಂದು ಬಿಡಿಸಿದರೂ, ಬದುಕುವುದಿಲ್ಲ. ಸಾವಿತ್ರಿಗೆ ಹುಚ್ಚು ಹಿಡಿದು, ಆ ಹುಚ್ಚಿನಲ್ಲಿ ಕಿರಿಯ ಸೊಸೆಯನ್ನೇ ಕೊಂದು, ಬುದ್ಧಿ ತಿಳಿದೊಡನೆ ತಾನೂ ಪ್ರಾಣ ಬಿಡುತ್ತಾಳೆ.

ಕಾವ್ಯಗುಣದ ದೃಷ್ಟಿಯಿಂದ ಕಡೆಯ ಅಂಕದ ಈ ಸಾವುಗಳ ಸಾಲು ಅತಿಯಾಯಿತೆಂದು ಯಾರಿಗಾದರೂ ತೋರದಿರದು. ಆದರೆ ಗ್ರಂಥಕರ್ತನ ಲೆಕ್ಕವು ಬೇರೆ. ಒಂದು ಬೆಳೆಯ ಬೆಲೆಯನ್ನೂ ಒಂದು ಒಪ್ಪಂದದ ಅನ್ಯಾಯವನ್ನೂ ವಿಚಾರಣಾ ಮಂಡಲಿಯ ವರದಿಯು ಅಂಕೆಗಳಲ್ಲಿ ಹೇಳಬಲ್ಲುದು. ಅವು ಅತ್ತೆಯ ಕೈಯಿಂದ ಸೊಸೆಯು ಸಾಯುವಲ್ಲಿಗೆ ಹೇಗೆ ಮುಟ್ಟುತ್ತವೆಂಬುದನ್ನು ನಾಟಕವು ಮಾತ್ರ ಹೇಳಬೇಕು. ಮನೆಯೊಳಗಣ ಹೆಂಗಸರ ದೃಶ್ಯಗಳು ಇಲ್ಲಿ ವಿರಾಮಕ್ಕಾಗಿ ಬಂದವುಗಳಲ್ಲ. ಹೊರಗೆ ನಡೆದುದಕ್ಕೆ ತೆರಬೇಕಾದ ಬೆಲೆಯು ಪ್ರೇಕ್ಷಕನಿಗೆ ಗೊತ್ತಾಗುವುದು ಅಲ್ಲಿಯೇ.

೧೮೬೧ರಲ್ಲಿ ಈ ನಾಟಕದ ಇಂಗ್ಲಿಷ್ ಭಾಷಾಂತರವು ಪ್ರಕಟವಾಯಿತು. ಅದನ್ನು ಮೈಕೇಲ್ ಮಧುಸೂದನ ದತ್ತನು ಮಾಡಿದನೆಂದು ಪ್ರತೀತಿಯಿದೆ. ವಿದ್ವಾಂಸರಲ್ಲಿ ಈ ವಿಷಯಕ್ಕೆ ಏಕಾಭಿಪ್ರಾಯವಿಲ್ಲ. ಮುನ್ನುಡಿ ಬರೆದು ಹೊರತಂದವನು ಜೇಮ್ಸ್ ಲಾಂಗ್ ಎಂಬ ಪಾದ್ರಿ. ಪ್ಲಾಂಟರುಗಳೂ ಅವರ ಪಕ್ಷದ ಪತ್ರಿಕೆಯವರೂ ಅವನ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಿದರು. ಜುಲೈ ತಿಂಗಳಲ್ಲಿ ಕಲ್ಕತ್ತೆಯ ಸುಪ್ರೀಂ ಕೋರ್ಟು ಅವನಿಗೆ ಒಂದು ತಿಂಗಳ ಸಜೆಯನ್ನೂ ೧,೦೦೦ ರೂಪಾಯಿ ಜುಲ್ಮಾನೆಯನ್ನೂ ವಿಧಿಸಿತು. ಜುಲ್ಮಾನೆಯನ್ನು ಕಾಲೀಪ್ರಸನ್ನ ಸಿಂಹನು ಅಲ್ಲಿಯೇ ಕಟ್ಟಿದನೆಂಬುದು ಪ್ರಸಿದ್ಧವಾದ ಕಥೆ. ನಮ್ಮ ಪ್ರಕೃತಕ್ಕೆ ಮುಖ್ಯವಾದುದು ಇನ್ನೊಂದು. ಪತ್ರಿಕಾಸಂಪಾದಕರು ಲಂಚ ತಿಂದರೆಂಬ ಆಕ್ಷೇಪಣೆಯೊಂದಿಗೆ, ನ್ಯಾಯಾಲಯದಲ್ಲಿ ಕೋಲಾಹಲಕ್ಕೆ ಕಾರಣವಾದುದು ನಾಟಕದೊಳಗಿನ ಹೆಂಗಸರ ಹರಟೆಯ ಒಂದು ತುಣುಕು: ಪ್ಲಾಂಟರಿನ ಹೆಂಡತಿಯು ಮ್ಯಾಜಿಸ್ಟ್ರೇಟನ ಸಂಗಡ ನಾಚಿಕೆಯಿಲ್ಲದೆ ಕುದುರೆ ಏರಿ ತಿರುಗುತ್ತಾಳೆಂಬ ಮಾತು. ಇದು ಆಂಗ್ಲ ಸ್ತ್ರೀಯರ ಶೀಲಕ್ಕೆ ಹಚ್ಚಿದ ಕಳಂಕವೆಂದು ನ್ಯಾಯಾಧಿಪತಿ ಮಾರ್ಡಂಟ್ ವೆಲ್ಸನು ಬಹಳವಾಗಿ ಕ್ರುದ್ಧನಾದನು. ಕ್ಷೇತ್ರಮಣಿಯ ಮಾನದ ವಿಚಾರ ಅಲ್ಲಿ ಏಳಲಿಲ್ಲ. ಬಂಗಾಳದ ಒಂದು ಒಳಮನೆಯಲ್ಲಿ ಕುಳಿತು ಹೆಂಗಸರು ಸಾಹೇಬರ ಸಂಸಾರದ ವಿಷಯ ಆಡಿಕೊಂಡರೆಂಬುದು ಕಲ್ಕತ್ತೆಯ ಬಿಳಿಯರಿಗೆ, ನೀಲಿಯ ಲೆಕ್ಕಕ್ಕಿಂತ ಹೆಚ್ಚು ಅಸಹ್ಯವಾಯಿತು.

ಗ್ರಂಥವು ರಂಗಕ್ಕೆ ಬರಲು ಇನ್ನೂ ಹನ್ನೊಂದು ವರ್ಷ ಹಿಡಿಯಿತು. ಅಲ್ಲಿಯವರೆಗೆ ಕಲ್ಕತ್ತೆಯಲ್ಲಿ ಬಂಗಾಳಿ ನಾಟಕವೆಂದರೆ ಬಹುಮಟ್ಟಿಗೆ ಶ್ರೀಮಂತರ ಮನೆಗಳಲ್ಲಿ ಆಹ್ವಾನಿತರಿಗಾಗಿ ನಡೆಯುವ ವಿನೋದ. ೧೮೭೨ನೆಯ ಡಿಸೆಂಬರ್ ೭ರಂದು ನ್ಯಾಷನಲ್ ಥಿಯೇಟರೆಂಬ ಮಂಡಲಿಯ ಮಧ್ಯಮವರ್ಗದ ತರುಣರು ಚಿತ್ಪುರದ ಮಧುಸೂದನ ಸನ್ಯಾಲರ ಮನೆಯ ಅಂಗಳವನ್ನು ಬಾಡಿಗೆಗೆ ಹಿಡಿದು, ಟಿಕೆಟ್ಟು ಮಾರಿ, 'ನೀಲದರ್ಪಣ'ವನ್ನು ಆಡಿದರು. ಬಂಗಾಳದ ಸಾರ್ವಜನಿಕ ರಂಗಭೂಮಿಯು ಹುಟ್ಟಿದ್ದು ಆ ರಾತ್ರಿ ಎಂದು ಎಲ್ಲರೂ ಒಪ್ಪುತ್ತಾರೆ. ಅದು ಹುಟ್ಟಿದ್ದು ಒಂದು ವಾಸದ ಮನೆಯಲ್ಲಿ, ಒಂದು ಮನೆಯ ನಾಶದ ಕಥೆಯೊಡನೆ ಎಂಬುದನ್ನು ಮಾತ್ರ ಅಷ್ಟಾಗಿ ಗಮನಿಸುವುದಿಲ್ಲ. ಸ್ತ್ರೀಪಾತ್ರಗಳನ್ನೆಲ್ಲ ಗಂಡಸರೇ ವಹಿಸಿದ್ದರು. ಅರ್ಧೇಂದುಶೇಖರ ಮುಸ್ತಫಿಯೆಂಬ ಸಮರ್ಥ ನಟನು ವುಡ್ ಸಾಹೇಬನ ಪಾತ್ರವನ್ನೂ ಸಾವಿತ್ರಿಯ ಪಾತ್ರವನ್ನೂ ತಾನೇ ಮಾಡಿದನು. ಮನೆ ಕೆಡಿಸುವವನೂ ಮನೆ ಕೆಟ್ಟು ಹುಚ್ಚಾಗುವವಳೂ ಒಂದೇ ದೇಹದಲ್ಲಿ ಬಂದು ಹೋಗುವುದನ್ನು ಆ ಪ್ರೇಕ್ಷಕರು ಹೇಗೆ ಕಂಡರೋ!

ಮುಂದಿನ ವರ್ಷವೇ ಬೆಂಗಾಲ್ ಥಿಯೇಟರಿನವರು ಹೆಂಗಸರನ್ನು ರಂಗಕ್ಕೆ ತಂದರು. ಗೃಹಿಣಿಯರ ಪಾತ್ರವನ್ನು ವಹಿಸಲು ಗೃಹಸ್ಥರ ಮನೆಯವರು ಬರುವಂತಿರಲಿಲ್ಲ; ಬಂದವರು ವೇಶ್ಯಾವಾಟಿಕೆಯಿಂದ. ಪತಿವ್ರತೆಯಾಗಿ, ಸೊಸೆಯಾಗಿ, ತಾಯಿಯಾಗಿ ರಂಗದ ಮೇಲೆ ಪ್ರೇಕ್ಷಕರನ್ನು ಅಳಿಸಿದ ಹೆಣ್ಣಿಗೆ ರಂಗದ ಕೆಳಗೆ ಸಂಸಾರವೆಂಬುದಿರಲಿಲ್ಲ. ಉಪೇಂದ್ರನಾಥ ದಾಸನೆಂಬ ನಾಟಕಕಾರನು ಇದನ್ನು ಒಂದು ಸಂದರ್ಭದಲ್ಲಿಯಾದರೂ ಮುರಿಯಲು ನೋಡಿದನು. ಅವನ 'ಶರತ್ ಸರೋಜಿನಿ'ಯಲ್ಲಿ ಸುಕುಮಾರಿಯ ಪಾತ್ರದಿಂದ ಪ್ರಸಿದ್ಧಳಾದ ಗೋಲಾಪಸುಂದರಿಗೆ, ಸಹನಟನಾದ ಗೋಷ್ಠವಿಹಾರಿ ದತ್ತನೊಡನೆ ಅವನು ಮುಂದೆ ನಿಂತು ವಿವಾಹ ಮಾಡಿಸಿದನು. ಆಕೆ ಪಾತ್ರದ ಹೆಸರನ್ನೇ ಉಳಿಸಿಕೊಂಡು ಸುಕುಮಾರಿ ದತ್ತಳಾದಳು. ಸಮಾಜವು ಆ ದಂಪತಿಗಳನ್ನು ಬದುಕಗೊಡಲಿಲ್ಲ. ಗಂಡನು ಆಕೆಯನ್ನು ಬಿಟ್ಟು ದೇಶಾಂತರ ಹೋದನು. 'ಅಪೂರ್ವ ಸತಿ' ಎಂಬ ನಾಟಕವು ಆಕೆಯ ಹೆಸರಿನಲ್ಲಿಯೇ ಇದೆ. ಬಂಗಾಳಿ ನಾಟಕದ ರಾಷ್ಟ್ರಪ್ರೇಮವನ್ನು ಕೊಂಡಾಡುವಾಗ ಈ ಕಥೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಹೆಣ್ಣಿನ ಮಾನವನ್ನು ದೇಶದ ಮಾನಕ್ಕೆ ಸಂಕೇತವಾಗಿ ಮಾಡಿಕೊಂಡ ರಂಗಭೂಮಿಯು, ಆ ಸಂಕೇತವನ್ನು ಹೊತ್ತು ನಿಂತ ಹೆಂಗಸಿಗೆ ಏನು ಕೊಟ್ಟಿತೆಂಬ ಪ್ರಶ್ನೆಯನ್ನು ಕೇಳಿಕೊಂಡುದು ಬಹಳ ಕಡಿಮೆ.

೧೮೭೫ರಲ್ಲಿ ಗ್ರೇಟ್ ನ್ಯಾಷನಲ್ ಥಿಯೇಟರಿನವರು ಪಶ್ಚಿಮೋತ್ತರ ಪ್ರಾಂತಗಳಲ್ಲಿ ಸಂಚರಿಸುತ್ತ ಲಖನೌದಲ್ಲಿ 'ನೀಲದರ್ಪಣ'ವನ್ನು ಆಡಿದರು. ನಟಿ ವಿನೋದಿನಿಯು ಆ ಮಂಡಲಿಯಲ್ಲಿದ್ದಳು; ಬಹುಕಾಲದ ಮೇಲೆ ಬರೆದ ಆತ್ಮಕಥೆಯಲ್ಲಿ ಆ ರಾತ್ರಿಯನ್ನು ವರ್ಣಿಸಿದ್ದಾಳೆ. ಸಾಹೇಬರು ಮುಂದಿನ ಸಾಲುಗಳಲ್ಲಿ ಕುಳಿತು ನೋಡುತ್ತಿದ್ದರು. ರೈತರ ಮೇಲಣ ದಬ್ಬಾಳಿಕೆ, ಸುಳ್ಳು ಮೊಕದ್ದಮೆ ಇವೆಲ್ಲವನ್ನೂ ಸಹಿಸಿದವರು, ಕ್ಷೇತ್ರಮಣಿಯ ಮೇಲೆ ಬಿದ್ದ ರೋಗನನ್ನು ತೋರಾಪನು ಹಿಡಿದು ಬಡಿಯುವ ದೃಶ್ಯದಲ್ಲಿ ಎದ್ದು ರಂಗದ ಮೇಲೆ ನುಗ್ಗಿದರು. ಆಟವು ನಿಂತಿತು, ಮಂಡಲಿಯವರು ಊರು ಬಿಟ್ಟು ಬರಬೇಕಾಯಿತು.

ಆ ವರ್ಷ ಇಂಥ ನಾಟಕಗಳ ಸುಗ್ಗಿ. ಚಹದ ತೋಟಗಳ ಕೂಲಿಗಳ ವಿಷಯವಾಗಿ ದಕ್ಷಿಣಾರಂಜನ ಚಟ್ಟೋಪಾಧ್ಯಾಯನ 'ಚಾಕರ ದರ್ಪಣ'. ರೆಸಿಡೆಂಟನಿಗೆ ವಜ್ರದ ಪುಡಿಯ ವಿಷವಿಕ್ಕಿಸಿದನೆಂಬ ಆಪಾದನೆಯಿಂದ ಬರೋಡೆಯ ಮಲ್ಹಾರರಾವ್ ಗಾಯಕವಾಡನು ಪದಚ್ಯುತನಾದ ವಿಷಯವಾಗಿ ಅಮೃತಲಾಲ ಬಸುವಿನ 'ಹೀರಕಚೂರ್ಣ'. ಉಪೇಂದ್ರನಾಥ ದಾಸನ 'ಸುರೇಂದ್ರ ವಿನೋದಿನಿ'. ಇವುಗಳಿಂದ ಸರ್ಕಾರಕ್ಕೆ ಅಸಮಾಧಾನವಿದ್ದಿತು. ಆದರೂ ೧೮೭೫ರಲ್ಲಿ ಅದು ಕೈಯೆತ್ತಲಿಲ್ಲ. ಒಬ್ಬ ಮಹಾರಾಜನನ್ನು ಸಿಂಹಾಸನದಿಂದ ಇಳಿಸಿದ ಪ್ರಸಂಗವನ್ನೇ ರಂಗಕ್ಕೆ ತಂದರೂ ಸುಮ್ಮನಿದ್ದ ಸರ್ಕಾರವು ಕೆಲವೇ ತಿಂಗಳ ಮೇಲೆ ಏಕೆ ಎದ್ದಿತು?

ಆ ಚಳಿಗಾಲದಲ್ಲಿ ವೇಲ್ಸಿನ ಯುವರಾಜನು, ಎಂದರೆ ಮುಂದೆ ಏಳನೆಯ ಎಡ್ವರ್ಡ್ ಎನಿಸಿದವನು, ಕಲ್ಕತ್ತೆಗೆ ಬಂದಿದ್ದನು. ಹೈಕೋರ್ಟಿನ ಸರ್ಕಾರಿ ವಕೀಲ ಜಗದಾನಂದ ಮುಖೋಪಾಧ್ಯಾಯನು ೧೮೭೬ರ ಜನವರಿಯ ಮೊದಲಲ್ಲಿ ಅವನನ್ನು ಭವಾನೀಪುರದ ತನ್ನ ಮನೆಗೆ ಕರೆದನು. ಕರೆದು, ಅಂತಃಪುರದೊಳಕ್ಕೆ ಬಿಡಿಸಿಕೊಂಡನು. ಮನೆಯ ಹೆಂಗಸರು ರಾಜಪುತ್ರನನ್ನು ದೇಶಪದ್ಧತಿಯಂತೆ ಬರಮಾಡಿಕೊಂಡರು. ಊರು ಹೊತ್ತಿಕೊಂಡಿತು. ಹೇಮಚಂದ್ರ ಬಂದ್ಯೋಪಾಧ್ಯಾಯನು 'ಬಾಜಿಮಾತ್' ಎಂಬ ವಿಡಂಬನ ಕವಿತೆಯನ್ನು ಬರೆದನು. ಫೆಬ್ರವರಿ ೧೯ರಂದು ಗ್ರೇಟ್ ನ್ಯಾಷನಲ್ ಥಿಯೇಟರಿನವರು 'ಗಜದಾನಂದ ಓ ಯುವರಾಜ' ಎಂಬ ಪ್ರಹಸನವನ್ನು ಆಡಿದರು. ಹೆಸರು ಕೇಳಿದೊಡನೆ ಯಾರೆಂದು ಗೊತ್ತಾಗುತ್ತಿತ್ತು. ಮತ್ತೊಮ್ಮೆ ಆಡಿದ ಮೇಲೆ ಪೋಲೀಸರು ತಡೆದರು. ಮಂಡಲಿಯವರು ಹೆಸರು ಬದಲಾಯಿಸಿ 'ಹನುಮಾನ ಚರಿತ್ರ'ವೆಂದು ಆಡಿದರು. ಅದನ್ನೂ ತಡೆಯಲು, ಕಮಿಷನರ್ ಹಾಗ್, ಸೂಪರಿಂಟೆಂಡೆಂಟ್ ಲ್ಯಾಂಬ್ ಎಂಬ ಇಬ್ಬರು ಅಧಿಕಾರಿಗಳ ಹೆಸರುಗಳಿಗೆ ಇಂಗ್ಲಿಷಿನಲ್ಲಿ ಹಂದಿ, ಕುರಿಮರಿ ಎಂಬ ಅರ್ಥ ಬರುವುದನ್ನು ಹಿಡಿದು, ಹಂದಿ ಕುರಿಗಳ ಪೋಲೀಸೆಂಬ ಇನ್ನೊಂದು ಪ್ರಹಸನವನ್ನು ಹೂಡಿದರು. ಅಷ್ಟರಲ್ಲಿ, ಫೆಬ್ರವರಿ ೨೯ರಂದು, ವೈಸರಾಯ್ ಲಾರ್ಡ್ ನಾರ್ತ್‌ಬ್ರೂಕನು ನಾಟಕಗಳನ್ನು ನಿಷೇಧಿಸುವ ಅಧಿಕಾರವನ್ನು ಬಂಗಾಳ ಸರ್ಕಾರಕ್ಕೆ ಕೊಟ್ಟು ಸುಗ್ರೀವಾಜ್ಞೆಯನ್ನು ಹೊರಡಿಸಿದ್ದನು.

ಈ ಪ್ರಹಸನದಲ್ಲಿ ರಾಜದ್ರೋಹವೆಲ್ಲಿದೆ? ಹಾಸ್ಯಕ್ಕೆ ಗುರಿಯಾದವನು ಯುವರಾಜನಲ್ಲ, ತನ್ನ ಮನೆಯ ಹೆಂಗಸರನ್ನು ಪ್ರಭುವಿನ ಮುಂದೆ ನಿಲ್ಲಿಸಿದ ಗೃಹಸ್ಥನು. ಗೋಷೆಯ ಪದ್ಧತಿಯನ್ನು ಬಿಟ್ಟುದಕ್ಕಾಗಿ ಒಬ್ಬನನ್ನು ಹೀಗೆ ಹಾಸ್ಯ ಮಾಡುವುದರಲ್ಲಿ ಸಂಪ್ರದಾಯದ ಹಟವೂ ಸ್ವಲ್ಪ ಸೇರಿದೆಯೆಂದು ನಾವು ಒಪ್ಪಬೇಕು. ಸ್ತ್ರೀಯರ ಸ್ವಾತಂತ್ರ್ಯವನ್ನು ಬಯಸುತ್ತಿದ್ದವರಿಗೆ ಆ ನಗೆಯು ಪೂರ್ಣವಾಗಿ ರುಚಿಸಿರಲಾರದು. ಆದರೂ ಪ್ರಜೆಯ ಮನೆಯ ಒಳಬಾಗಿಲು ಯಾರಿಗೆ, ಯಾರ ಅಪ್ಪಣೆಯ ಮೇಲೆ ತೆರೆಯಬೇಕೆಂಬ ಪ್ರಶ್ನೆಗೆ ಸಮಾನವಾದ ರಾಜಕೀಯ ಪ್ರಶ್ನೆಯು ಆಗ ಬೇರೊಂದಿರಲಿಲ್ಲ. ಹೊರಗಣ ರಾಜ್ಯ, ಕಚೇರಿ, ತೆರಿಗೆ ಎಲ್ಲವೂ ಕೈಬಿಟ್ಟ ಜನಕ್ಕೆ ತಮ್ಮದೆಂದು ಉಳಿದಿದ್ದುದು ಆ ಒಳಮನೆಯೊಂದೇ. ಪ್ರಹಸನವು ಅದನ್ನು ಮುಟ್ಟಿತು. ಸರ್ಕಾರವೂ ಅದನ್ನು ಗುರುತಿಸಿತು.

ಮುಂದೆ ನಡೆದುದು ಇನ್ನೂ ವಿಚಿತ್ರ. ಮಾರ್ಚಿ ೪ರಂದು ಪೋಲೀಸರು ರಂಗಮಂದಿರಕ್ಕೆ ಬಂದು ಉಪೇಂದ್ರನಾಥ ದಾಸ, ಅಮೃತಲಾಲ ಬಸು ಮೊದಲಾದವರನ್ನು ಹಿಡಿದರು. ಆಪಾದನೆಯು 'ಗಜದಾನಂದ'ದ ವಿಷಯವಾಗಿರಲಿಲ್ಲ, ರಾಜದ್ರೋಹದ್ದೂ ಅಲ್ಲ. 'ಸುರೇಂದ್ರ ವಿನೋದಿನಿ'ಯು ಅಶ್ಲೀಲವೆಂಬುದು. ಅದು ಮೇಲುನೋಟಕ್ಕೆ ಒಂದು ಪ್ರಣಯಕಥೆ. ಆದರೆ ಅದರಲ್ಲಿ ಒಬ್ಬ ಇಂಗ್ಲಿಷ್ ಮ್ಯಾಜಿಸ್ಟ್ರೇಟನು ಹೆಣ್ಣೊಬ್ಬಳ ಮಾನಕ್ಕೆ ಕೈಹಾಕುತ್ತಾನೆ. ಅತ್ಯಾಚಾರಕ್ಕೆ ಯತ್ನಿಸಿದ ಅಧಿಕಾರಿಯನ್ನು ತೋರಿಸುವುದು ಅಶ್ಲೀಲವೆಂಬ ವಾದವು ಕೆಳಗಿನ ನ್ಯಾಯಾಲಯದಲ್ಲಿ ನಿಂತಿತು. ದಾಸನಿಗೂ ಬಸುವಿಗೂ ಒಂದೊಂದು ತಿಂಗಳ ಸಜೆಯಾಯಿತು. ಅದೇ ತಿಂಗಳಲ್ಲಿ ಹೈಕೋರ್ಟು ಅವರನ್ನು ಬಿಡುಗಡೆ ಮಾಡಿತು. ದಾಸನು ಅನಂತರ ಇಂಗ್ಲೆಂಡಿಗೆ ಹೊರಟುಹೋದನು.

ಇದ್ದ ಕಾನೂನು ಸಾಲದೆಂದು ತೋರಿದ ಮೇಲೆ ಹೊಸದು ಬೇಕಾಯಿತು. ಸುಗ್ರೀವಾಜ್ಞೆಯು ಆ ವರ್ಷದ ಡಿಸೆಂಬರಿನಲ್ಲಿ, ಲಾರ್ಡ್ ಲಿಟ್ಟನನ ಕಾಲದಲ್ಲಿ, ೧೮೭೬ರ ೧೯ನೆಯ ಶಾಸನವಾಗಿ ಸ್ಥಿರವಾಯಿತು. ಅದರ ಮೂರನೆಯ ವಿಧಿಯು ನಿಷೇಧಕ್ಕೆ ಮೂರು ಕಾರಣಗಳನ್ನು ಹೇಳುತ್ತದೆ: ನಾಟಕವು ಅಪಕೀರ್ತಿಕರ ಅಥವಾ ಮಾನಹಾನಿಕರವಾಗಿರುವುದು, ಸರ್ಕಾರದ ವಿಷಯದಲ್ಲಿ ಅಪ್ರೀತಿಯನ್ನು ಹುಟ್ಟಿಸುವಂಥದಾಗಿರುವುದು, ನೋಡುವವರ ನಡತೆಯನ್ನು ಕೆಡಿಸುವಂಥದಾಗಿರುವುದು. ಓದುಗರು ಈ ಮೂರನ್ನು ಮೇಲಿನ ಘಟನೆಗಳಿಗೆ ಹೊಂದಿಸಿ ನೋಡಬೇಕು. ಮೊದಲನೆಯದರಲ್ಲಿ ಜಗದಾನಂದನ ಮನೆಯೂ ಪ್ಲಾಂಟರಿನ ಹೆಂಡತಿಯೂ ಇದ್ದಾರೆ. ಮೂರನೆಯದರಲ್ಲಿ 'ಸುರೇಂದ್ರ ವಿನೋದಿನಿ' ಇದೆ. ರಾಜ್ಯದ ಮಾತು ನಡುವಣ ಒಂದರಲ್ಲಿ ಮಾತ್ರ. ಸಂಸಾರದ ಮಾನ, ಸರ್ಕಾರದ ಮಾನ, ಪ್ರೇಕ್ಷಕನ ಶೀಲ ಈ ಮೂರನ್ನೂ ಒಂದೇ ವಿಧಿಯಲ್ಲಿ ಕಟ್ಟಿದವರು, ನಾವು ಪಾಠಪುಸ್ತಕಗಳಲ್ಲಿ ಬೇರ್ಪಡಿಸಿರುವುದನ್ನು ಬೇರೆಯೆಂದು ತಿಳಿದಿರಲಿಲ್ಲ.

ಇನ್ನೆರಡು ವಿಧಿಗಳೂ ಗಮನಾರ್ಹವಾಗಿವೆ. ಹಣ ತೆತ್ತು ಜನರು ಪ್ರವೇಶಿಸಬಹುದಾದ ಯಾವ ಕಟ್ಟಡವಾಗಲಿ ಅಂಗಳವಾಗಲಿ ಸಾರ್ವಜನಿಕ ಸ್ಥಳವೆನಿಸುತ್ತದೆ. ಸನ್ಯಾಲರ ಮನೆಯ ಅಂಗಳವು ಟಿಕೆಟ್ಟು ಮಾರಿದೊಡನೆ ಮನೆಯಾಗಿ ಉಳಿಯಲಿಲ್ಲವೆಂದಾಯಿತು. ಹನ್ನೆರಡನೆಯ ವಿಧಿಯಂತೆ, ಧಾರ್ಮಿಕ ಉತ್ಸವಗಳಲ್ಲಿ ನಡೆಯುವ 'ಜಾತ್ರಾ' ಎಂಬ ಬಂಗಾಳದ ಆಟಗಳಿಗೂ ಅವುಗಳನ್ನು ಹೋಲುವ ಪ್ರದರ್ಶನಗಳಿಗೂ ಶಾಸನವು ಅನ್ವಯಿಸದು. ಇದರಿಂದ, ಮುಂಬಯಿ ಮತ್ತು ಮದರಾಸು ಅಧಿಪತ್ಯಗಳಿಗೆ ಸೇರಿದ್ದ ಕನ್ನಡ ನಾಡಿನ ಭಾಗಗಳಲ್ಲಿ ಒಂದು ವಿಚಿತ್ರವಾದ ಸ್ಥಿತಿಯುಂಟಾಯಿತು: ದೇವರ ಉತ್ಸವದಲ್ಲಿ ನಡೆಯುವ ಬಯಲಾಟದ ಕೀಚಕನು ಶಾಸನಕ್ಕೆ ಹೊರಗು, ಟಿಕೆಟ್ಟಿನ ಮಂದಿರದ ಕೀಚಕನು ಒಳಗು. ಮೈಸೂರು ಸಂಸ್ಥಾನವು ಬ್ರಿಟಿಷ್ ಇಂಡಿಯಾಕ್ಕೆ ಸೇರದುದರಿಂದ ಅದರ ವಿಚಾರವು ಬೇರೆ.

ಕೀಚಕನ ಹೆಸರನ್ನು ಸುಮ್ಮನೆ ತೆಗೆಯಲಿಲ್ಲ. ೧೯೦೭ರಲ್ಲಿ ಕೃಷ್ಣಾಜಿ ಪ್ರಭಾಕರ ಖಾಡಿಲಕರರ 'ಕೀಚಕವಧ'ವು ಮರಾಠಿ ರಂಗಕ್ಕೆ ಬಂದಿತು. ಖಾಡಿಲಕರರು ತಿಲಕರ 'ಕೇಸರಿ'ಯಲ್ಲಿ ಕೆಲಸ ಮಾಡುತ್ತಿದ್ದವರು. ವಿರಾಟಪರ್ವದ ಕಥೆಯನ್ನು ಬದಲಾಯಿಸದೆಯೇ, ಕೀಚಕನ ದರ್ಪದಲ್ಲಿ ಲಾರ್ಡ್ ಕರ್ಜನನನ್ನೂ ಧರ್ಮರಾಜ ಭೀಮರ ವಾದದಲ್ಲಿ ಸೌಮ್ಯರ ಮತ್ತು ಉಗ್ರರ ಪಕ್ಷಗಳನ್ನೂ ಪ್ರೇಕ್ಷಕರು ಕಾಣುವಂತೆ ಅವರು ಬರೆದರು. ೧೯೧೦ರ ಜನವರಿಯಲ್ಲಿ ಮುಂಬಯಿ ಸರ್ಕಾರವು ೧೮೭೬ರ ಶಾಸನದಂತೆ ಅದನ್ನು ನಿಷೇಧಿಸಿತು. ಇಲ್ಲಿಯೂ ನಾಟಕದ ನೆಲೆಯು ಅಂತಃಪುರ. ರಾಣಿಯ ತಮ್ಮನು ಒಬ್ಬ ಪರಿಚಾರಿಕೆಯನ್ನು ಬಯಸುತ್ತಾನೆ. ಅಕ್ಕನೇ ಅವಳನ್ನು ಅವನ ಬಳಿಗೆ ಕಳುಹಿಸುತ್ತಾಳೆ. ಮನೆಯ ಯಜಮಾನನಾದ ಅರಸನು ಭಾವಮೈದುನನಿಗೆ ಅಂಜಿ ಬಾಯಿ ತೆರೆಯನು. ಅವಳ ಗಂಡಂದಿರು ವೇಷ ಬಯಲಾಗುವುದೆಂದು ಹಲ್ಲು ಕಚ್ಚಿಕೊಂಡಿರುತ್ತಾರೆ. ಆ ಪರಿಚಾರಿಕೆಯ ಹೆಸರು ಸೈರಂಧ್ರಿ. ದೀನಬಂಧುವು ಬಸು ಕುಟುಂಬದ ಹಿರಿಯ ಸೊಸೆಗಿಟ್ಟ ಹೆಸರೂ ಅದೇ. ಇದು ಆಕಸ್ಮಿಕವೇ ಇರಬಹುದು; ಆದರೆ ಪರರ ಮನೆಯಲ್ಲಿ ಸೇವೆಗೆ ನಿಂತ ರಾಣಿಯೆಂಬ ಭಾವವು ಆ ಕಾಲದ ಕಲ್ಪನೆಗೆ ಎಷ್ಟು ಹತ್ತಿರವಾಗಿದ್ದಿತೆಂಬುದನ್ನು ಅದು ನೆನಪಿಗೆ ತರುತ್ತದೆ.

ಇಲ್ಲೊಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಸಂಸಾರದ ನಾಟಕವೆಲ್ಲವೂ ಸರ್ಕಾರಕ್ಕೆ ಭಯಂಕರವಾಗಿದ್ದರೆ, ಗೋವಿಂದ ಬಲ್ಲಾಳ ದೇವಲರ 'ಶಾರದಾ' ೧೮೯೯ರಿಂದ ನಿರಾತಂಕವಾಗಿ ನಡೆದುದು ಹೇಗೆ? ಅದಕ್ಕೂ ಹಿಂದೆ, ೧೮೮೭ರಲ್ಲಿ, ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ'ವನ್ನು ಯಾರೂ ತಡೆಯಲಿಲ್ಲವಲ್ಲ? (ಇದೇ ಕರ್ಕಿಯ ಭಾಗವತರ ಆಟವನ್ನು ಸಾಂಗಲಿಯಲ್ಲಿ ಕಂಡು ವಿಷ್ಣುದಾಸ ಭಾವೆಯವರು ೧೮೪೩ರಲ್ಲಿ ಮರಾಠಿ ನಾಟಕಕ್ಕೆ ಮೊದಲು ಮಾಡಿದರೆಂದು ಹೇಳುತ್ತಾರೆ, ಆ ಸಣ್ಣ ಊರಿಗೆ ಸಲ್ಲಬೇಕಾದ ಗೌರವವನ್ನು ನಾವು ಇನ್ನೂ ಪೂರ್ಣವಾಗಿ ಸಲ್ಲಿಸಿಲ್ಲ.) ಎರಡರಲ್ಲಿಯೂ ವಿಷಯವು ಎಳೆಯ ಹೆಣ್ಣಿನ ಮಾರಾಟ. ಅಲ್ಲಿ ಹೆಣ್ಣನ್ನು ಕೊಡುವವನೂ ಕೊಳ್ಳುವವನೂ ಮನೆಯವರೇ. ಹೊರಗಣ ಪ್ರಭುವು ಬಾಗಿಲಿಗೆ ಬರುವುದಿಲ್ಲ. ಆದುದರಿಂದ ಸರ್ಕಾರಕ್ಕೆ ಅದು ಹಿತವಾದ ಸುಧಾರಣೆಯಾಗಿ ಕಂಡಿತು. ಆದರೆ ೧೮೯೧ರ ಸಮ್ಮತಿ ವಯಸ್ಸಿನ ಶಾಸನದ ಗದ್ದಲವನ್ನು ಬಲ್ಲವರು 'ಶಾರದಾ'ವನ್ನು ಕೇವಲ ಸಾಮಾಜಿಕವೆನ್ನಲಾರರು. ಮನೆಯೊಳಗೆ ಕಾನೂನು ಹೋಗಬಹುದೇ ಎಂದು ನಾಡೆಲ್ಲ ವಾದಿಸಿದ ಎಂಟು ವರ್ಷಗಳ ಮೇಲೆ, ದೇವಲರು ಆ ಮನೆಯ ಒಳಗು ಹೇಗಿದೆಯೆಂದು ತೋರಿಸಿದರು. 'ಗಜದಾನಂದ'ದವರು ಹಾಕಿಡಬೇಕೆಂದ ಬಾಗಿಲನ್ನೇ ದೇವಲರು ತೆರೆದರು. ಎರಡು ನಾಟಕಗಳಿಗೂ ಬಾಗಿಲು ಒಂದೇ.

ಶಾಸನವು ಸ್ವಾತಂತ್ರ್ಯದ ಮೇಲೆಯೂ ಉಳಿಯಿತು. ೧೯೫೩ರಲ್ಲಿ ಲಖನೌದಲ್ಲಿ ಭಾರತೀಯ ಜನನಾಟ್ಯ ಸಂಘದವರು ಪ್ರೇಮಚಂದರ 'ಈದ್‌ಗಾಹ್' ಕಥೆಯ ನಾಟಕವನ್ನು ಆಡಲು, ಮೊದಲು ಕೊಟ್ಟಿದ್ದ ಅನುಮತಿಯನ್ನು ಅಧಿಕಾರಿಗಳು ಹಿಂದಕ್ಕೆ ತೆಗೆದುಕೊಂಡು ಇದೇ ಶಾಸನದಂತೆ ಮೊಕದ್ದಮೆ ಹೂಡಿದರು. ೧೯೫೬ರಲ್ಲಿ ಅಲಹಾಬಾದು ಹೈಕೋರ್ಟು ಶಾಸನವು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಆದರೂ ಅದು ಕಾನೂನಿನ ಪುಸ್ತಕದಲ್ಲಿ ನಿಂತೇ ಇದ್ದು, ಹಳೆಯ ಕಾನೂನುಗಳನ್ನು ರದ್ದುಪಡಿಸುವ ಶಾಸನವೊಂದರಿಂದ ೧೪೧ ವರ್ಷಗಳ ಮೇಲೆ, ೨೦೧೮ರ ಜನವರಿಯಲ್ಲಿ, ತೆಗೆದುಹಾಕಲ್ಪಟ್ಟಿತು. ಲಖನೌದಲ್ಲಿ ಅವರು ತಡೆಯಹೋದ ಆ ಕಥೆಯಲ್ಲಿರುವುದು ಒಬ್ಬ ತಬ್ಬಲಿ ಹುಡುಗ, ಅವನ ಅಜ್ಜಿ, ಮತ್ತು ರೊಟ್ಟಿ ಸುಡುವಾಗ ಆಕೆಯ ಬೆರಳು ಬೇಯದಿರಲೆಂದು ಅವನು ಹಬ್ಬದ ದಿನ ತನ್ನ ಕಾಸಿನಿಂದ ಕೊಂಡುತಂದ ಒಂದು ಕಬ್ಬಿಣದ ಇಕ್ಕಳ.